ಮಾವೋರಿ ನುಡಿಗೊಂದು ಟಿವಿ ವಾಹಿನಿ

ನಾವು ದಿನವೂ ಓಡಾಡುವ ತಕಾನಿನಿಗೆ ಆ ಹೆಸರು ಬಂದದ್ದು ಇಹಾಕಾ ತಕಾನಿನಿ ಎಂಬ ಮಾವೋರಿ ಮುಖಂಡರಿಂದ. 1863ರ ಯುದ್ಧದ ಸಮಯದಲ್ಲಿ ಸರ್ಕಾರ ಅವರನ್ನು ಸೆರೆಹಿಡಿದು ರಾಕಿನೊ ದ್ವೀಪದಲ್ಲಿಟ್ಟಿತು. ಮರುವರ್ಷ ಅವರು ಅಲ್ಲೇ ತೀರಿಕೊಂಡರು. ಊರಿಗೆ ಅವರ ಹೆಸರು ಉಳಿಯಿತು. ಆದರೆ ಆ ಹೆಸರಿನ ಭಾಷೆ ಉಳಿಯುವುದೇ ಕಷ್ಟವಾಯಿತು. ಅದನ್ನು ಉಳಿಸಲೆಂದು ಹುಟ್ಟಿದ ಟಿವಿ ವಾಹಿನಿಯ ಕಥೆ ಇದು.

1913ರಲ್ಲಿ ಶಾಲೆಗೆ ಹೋಗುವ ಮಾವೋರಿ ಮಕ್ಕಳಲ್ಲಿ ನೂರಕ್ಕೆ 90 ಮಂದಿ ತಮ್ಮ ಭಾಷೆ ಮಾತಾಡುತ್ತಿದ್ದರು. 1975ರ ವೇಳೆಗೆ ನೂರಕ್ಕೆ 5 ಮಂದಿಯೂ ಇರಲಿಲ್ಲ. ಎಷ್ಟೋ ಶಾಲೆಗಳಲ್ಲಿ ಮಾವೋರಿ ಆಡಿದ ಮಕ್ಕಳಿಗೆ ಪೆಟ್ಟು ಬೀಳುತ್ತಿತ್ತು. ಪೆಟ್ಟು ತಿಂದವರು, ತಮ್ಮ ಮಕ್ಕಳಿಗಾದರೂ ಆ ಕಷ್ಟ ಬೇಡವೆಂದು, ಮನೆಯಲ್ಲೂ ಇಂಗ್ಲಿಷನ್ನೇ ಆಡಿದರು. 1960ರ ಜೂನ್ 1ರಂದು ಆಕ್ಲೆಂಡಿನಲ್ಲಿ ಟಿವಿ ಪ್ರಸಾರ ಶುರುವಾಯಿತು. ಆ ಪೆಟ್ಟಿಗೆಯೂ ಇಂಗ್ಲಿಷನ್ನೇ ಆಡಿತು. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಬರುವ ಮನೆಗಳವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1972ರ ಸೆಪ್ಟೆಂಬರ್ 14ರಂದು ಮಾವೋರಿ ಯುವಜನರು 30,000ಕ್ಕೂ ಹೆಚ್ಚು ಸಹಿಗಳಿದ್ದ ಮನವಿಯನ್ನು ಸಂಸತ್ತಿಗೆ ಒಪ್ಪಿಸಿದರು. ಅವರು ಅಂದು ಕೇಳಿದ್ದು ಟಿವಿಯನ್ನಲ್ಲ, ಶಾಲೆಗಳಲ್ಲಿ ಮಾವೋರಿ ಪಾಠವನ್ನು. 1982ರಲ್ಲಿ ಪುಟ್ಟ ಮಕ್ಕಳಿಗಾಗಿ 'ಕೊಹಾಂಗಾ ರೆಓ' ಎಂಬ ಶಿಶುವಿಹಾರಗಳು ಆರಂಭವಾದವು. ಭಾಷೆಯ ಗೂಡು ಎಂದು ಆ ಹೆಸರಿನ ಅರ್ಥ. ಟಿವಿಯಲ್ಲಿ 'ತೆ ಕರೆರೆ' ಎಂಬ ವಾರ್ತೆ ಕೆಲವೇ ನಿಮಿಷಗಳ ಮಟ್ಟಿಗೆ ಬರತೊಡಗಿತು. 1986ರಲ್ಲಿ ವೈತಾಂಗಿ ನ್ಯಾಯಮಂಡಳಿ, ಭಾಷೆಯೂ ಸರ್ಕಾರ ಕಾಪಾಡಬೇಕಾದ ಸಂಪತ್ತು ಎಂದು ಹೇಳಿತು. ಮರುವರ್ಷ ಮಾವೋರಿ ಅಧಿಕೃತ ಭಾಷೆಯಾಯಿತು. ಪ್ರಸಾರದ ವ್ಯಾಜ್ಯವಂತೂ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಯಿತು.

ವಾಹಿನಿ ಮಾತ್ರ ಸುಲಭವಾಗಿ ಬರಲಿಲ್ಲ. 1996ರಲ್ಲಿ ಆಕ್ಲೆಂಡಿನಲ್ಲಿ ಪ್ರಯೋಗಾರ್ಥ ಶುರುವಾದ ವಾಹಿನಿಯೊಂದು ಮರುವರ್ಷವೇ ಮುಚ್ಚಿತು. ಹೊಸ ವಾಹಿನಿಗೆಂದು 2002ರಲ್ಲಿ ನೇಮಕಗೊಂಡ ಮುಖ್ಯಾಧಿಕಾರಿಯ ಪದವಿ ಸುಳ್ಳೆಂದು ಬಯಲಾಗಿ, ಆತ ಕೆಲಸ ಕಳೆದುಕೊಂಡು ಜೈಲು ಸೇರಿದ. (ಮಕ್ಕಳೇ, ಅಂಕಪಟ್ಟಿ ತಿದ್ದಬೇಡಿ!) ನಗುವವರಿಗೆ, ಬೇಡವೆನ್ನುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಆದರೂ 2003ರಲ್ಲಿ ಕಾಯಿದೆಯಾಯಿತು. 2004ರ ಮಾರ್ಚ್ 28, ಭಾನುವಾರ, ಆಕ್ಲೆಂಡಿನ ನ್ಯೂಮಾರ್ಕೆಟ್‌ನಿಂದ ಮಾವೋರಿ ಟೆಲಿವಿಷನ್ ಪ್ರಸಾರ ಆರಂಭಿಸಿತು. ಸಂಸತ್ತಿಗೆ ಮನವಿ ಕೊಟ್ಟು 31 ವರ್ಷಗಳ ಮೇಲಾಗಿತ್ತು. ಅಂದು ಸಹಿ ಹಾಕಿದ ಯುವಕರಿಗೆ ಅಷ್ಟು ಹೊತ್ತಿಗೆ ಮೊಮ್ಮಕ್ಕಳಾಗುವ ವಯಸ್ಸು. ಕೋಟಿಗಟ್ಟಲೆ ಕನ್ನಡಿಗರಿದ್ದೂ ನಮಗೆ ಉದಯ ಟಿವಿ ಬಂದದ್ದು 1994ರಲ್ಲಿ. ಕೆಲವೇ ಲಕ್ಷ ಜನರ ಸಮುದಾಯ ತನ್ನದೊಂದು ವಾಹಿನಿಯನ್ನು ಪಡೆದದ್ದು ಸಣ್ಣ ಮಾತಲ್ಲ ಎಂದು ನಮಗನಿಸುತ್ತದೆ.

ಮಾವೋರಿ, ಇಂಗ್ಲಿಷ್ ಎರಡರಲ್ಲೂ ಕಾರ್ಯಕ್ರಮಗಳಿದ್ದುದರಿಂದ ಮಾವೋರಿಯರಲ್ಲದವರೂ ನೋಡತೊಡಗಿದರು. 2006ರಿಂದ ಆನ್ಜಾಕ್ ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ಪ್ರಸಾರ ಮಾಡಿದ್ದು ದೇಶದ ಮನಗೆದ್ದಿತು. 2008ರ ಮಾರ್ಚ್ 28ರಂದು ಪೂರ್ತಿ ಮಾವೋರಿಯಲ್ಲೇ ಮಾತಾಡುವ 'ತೆ ರೆಓ' ಎಂಬ ಎರಡನೆಯ ವಾಹಿನಿ ಬಂತು. ಮೊದಲನೆಯದಕ್ಕೆ 2022ರಲ್ಲಿ 'ಫಕಾಟಾ ಮಾವೋರಿ' ಎಂದು ಹೆಸರಾಯಿತು.

ಪಾಲಕರು ಒಮ್ಮೆ ಮಕ್ಕಳೊಂದಿಗೆ ಕೂತು ನೋಡಿ. ಅರ್ಥವಾಗದಿದ್ದರೂ ಸ್ವರಗಳು ಪರಿಚಿತವೆನಿಸುತ್ತವೆ: ಮಾವೋರಿಯಲ್ಲೂ ನಮ್ಮಂತೆ ಹ್ರಸ್ವ ದೀರ್ಘಗಳಿವೆ. ನಮ್ಮೂರ ಹೆಸರಿನಲ್ಲಿ 'ಕಾ' ದೀರ್ಘ. ಇಂಗ್ಲಿಷ್ ಫಲಕಗಳಲ್ಲಿ ಬಹುಕಾಲ ಅದು ಕಾಣಲಿಲ್ಲ. ನಮ್ಮ ಮಕ್ಕಳ ಕನ್ನಡ ಕಾಪಿಪುಸ್ತಕದಲ್ಲಿ ಸರಿಯಾಗಿಯೇ ಇದೆ.