ಒಂದೇ ನದಿ, ಮೂರು ಚಿತ್ರ: ‘ರಾ’ ಕಡತವನ್ನು ತಿದ್ದುವ ಬಗೆ

ಹರಿಹರದ ದಡದಲ್ಲಿ ನಿಂತು ಸಂಜೆಯ ವೇಳೆ ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದತ್ತ ಕ್ಯಾಮೆರಾ ಹಿಡಿದವರಿಗೆ ಒಂದು ತೊಡಕು ಎದುರಾಗುತ್ತದೆ. ಸೂರ್ಯ ಮುಳುಗುವುದು ಆ ದಡದ ಹಿಂದೆ. ಆಕಾಶಕ್ಕೆ ಬೆಳಕು ಹೊಂದಿಸಿದರೆ ಮರಗಳು, ಕಾರ್ಖಾನೆಯ ಚಿಮಣಿ ಎಲ್ಲವೂ ಕಪ್ಪಾಗುತ್ತವೆ. ದಡಕ್ಕೆ ಹೊಂದಿಸಿದರೆ ಆಕಾಶ ಬರೀ ಬಿಳುಪಾಗುತ್ತದೆ. ಇಂಥ ದೃಶ್ಯಗಳಿಗಾಗಿಯೇ ಅನೇಕ ಛಾಯಾಗ್ರಾಹಕರು ಜೆಪೆಗ್ ಬದಲು ‘ರಾ’ ಕಡತವನ್ನು ಆರಿಸಿಕೊಳ್ಳುತ್ತಾರೆ.

ಏನಿದು ‘ರಾ’?

‘ರಾ’ ಎಂಬುದು ಸಿದ್ಧ ಚಿತ್ರವಲ್ಲ. ಕ್ಯಾಮೆರಾದ ಸಂವೇದಕ ಅಳೆದ ಬೆಳಕಿನ ದಾಖಲೆ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮಟ್ಟಗಳಿದ್ದರೆ, 14 ಬಿಟ್‌ನ ರಾ ಕಡತದಲ್ಲಿ 16,384 ಮಟ್ಟಗಳಿರುತ್ತವೆ. ಆದ್ದರಿಂದ ನೆರಳಿನಲ್ಲಿ ಅಡಗಿದ ವಿವರಗಳನ್ನು ಅನಂತರವೂ ಹೊರತೆಗೆಯಬಹುದು. ಆದರೆ ಸಂಪೂರ್ಣ ಬಿಳುಪಾದ ಭಾಗದಿಂದ ಏನನ್ನೂ ಮರಳಿ ಪಡೆಯಲಾಗದು. ಹಾಗಾಗಿ ಚಿತ್ರ ತೆಗೆಯುವಾಗ ಆಕಾಶವನ್ನು ಉಳಿಸಿಕೊಳ್ಳುವುದು ಜಾಣತನ.

ಲೈಟ್‌ರೂಮ್ ಅಥವಾ ಉಚಿತವಾಗಿ ದೊರೆಯುವ ಡಾರ್ಕ್‌ಟೇಬಲ್‌ನಂತಹ ತಂತ್ರಾಂಶಗಳು ಮೂಲ ಕಡತವನ್ನು ಮುಟ್ಟುವುದಿಲ್ಲ. ತಿದ್ದುಪಡಿಯ ಸೂಚನೆಗಳನ್ನಷ್ಟೇ ಪ್ರತ್ಯೇಕವಾಗಿ ಇಟ್ಟುಕೊಳ್ಳುತ್ತವೆ. ಒಂದೇ ಕಡತದಿಂದ ಹಲವು ಚಿತ್ರಗಳು ಸಾಧ್ಯವಾಗುವುದು ಹೀಗೆ.

ಮೂರು ದಾರಿಗಳು

ಮೊದಲನೆಯದು ಕಣ್ಣು ಕಂಡಂತೆ ತೋರಿಸುವ ದಾರಿ. ಆಕಾಶದ ಪ್ರಖರತೆಯನ್ನು ತಗ್ಗಿಸಿ, ದಡದ ನೆರಳನ್ನು ತುಸು ಎತ್ತಿದರೆ ಮನೆ, ಮರ, ಚಿಮಣಿಗಳು ಕಾಣಿಸಿಕೊಳ್ಳುತ್ತವೆ. ನೆರಳನ್ನು ಅತಿಯಾಗಿ ಎತ್ತಿದರೆ ಕಾಳುಕಾಳಾದ ಕಲೆಗಳು ಮೂಡಿ, ಸಂಜೆ ಮಧ್ಯಾಹ್ನದಂತೆ ತೋರುತ್ತದೆ.

ಎರಡನೆಯದು ಭಾವಕ್ಕೆ ಒತ್ತು ಕೊಡುವ ದಾರಿ. ದಡವನ್ನು ಕಪ್ಪಾಗಿಯೇ ಬಿಟ್ಟು, ವೈಟ್ ಬ್ಯಾಲೆನ್ಸನ್ನು ಹಳದಿಯತ್ತ ಸರಿಸಿದರೆ ನೀರು ಹೊನ್ನಾಗುತ್ತದೆ. ನೀಲಿಯತ್ತ ಸರಿಸಿದರೆ ಅದೇ ಸಂಜೆ ತಣ್ಣಗಾಗುತ್ತದೆ. ಇಲ್ಲಿ ಹಿಡಿತ ಮುಖ್ಯ. ಬ್ಯಾಡಗಿ ಮೆಣಸಿನಕಾಯಿಯ ರಾಶಿಯನ್ನು ತೆಗೆದವರಿಗೆ ಇದು ಗೊತ್ತು: ಕೆಂಪನ್ನು ಒಂದು ಮಿತಿ ಮೀರಿ ಹೆಚ್ಚಿಸಿದರೆ ಕಾಯಿಯ ಸುಕ್ಕುಗಳೇ ಮಾಯವಾಗಿ ಬರೀ ಕೆಂಪು ಮುದ್ದೆ ಉಳಿಯುತ್ತದೆ.

ಮೂರನೆಯದು ಕಪ್ಪು-ಬಿಳುಪು. ಬಣ್ಣ ಹೋದಾಗ ಆಕಾರ, ಮೋಡ, ನೀರಿನ ಹೊಳಪು ಮುಂದೆ ಬರುತ್ತವೆ. ನೀಲಿಯ ಭಾಗವನ್ನಷ್ಟೇ ಕಪ್ಪಾಗಿಸಿದರೆ ಬಿಳಿ ಮೋಡಗಳು ಎದ್ದು ನಿಲ್ಲುತ್ತವೆ. ಈ ಮಾರ್ಗ ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬಲ್ಲಿ ತೆಗೆದ ಚಂದ್ರೋದಯದ ಚಿತ್ರವನ್ನು ದಶಕಗಳ ಕಾಲ ಮತ್ತೆ ಮತ್ತೆ ಮುದ್ರಿಸಿದರು. ನೆಗೆಟಿವ್ ಒಂದೇ ಆದರೂ ನಂತರದ ಮುದ್ರಣಗಳಲ್ಲಿ ಆಕಾಶ ಹೆಚ್ಚು ಹೆಚ್ಚು ಕಪ್ಪಾಯಿತು.

ಎಲ್ಲಿ ನಿಲ್ಲಿಸಬೇಕು?

ಈ ಮೂರೂ ವ್ಯಾಖ್ಯಾನಗಳೇ, ಯಾವುದೂ ಸುಳ್ಳಲ್ಲ. ಚಿಮಣಿಯನ್ನು ಅಳಿಸಿ ಹಾಕಿದಾಗ ಅಥವಾ ಬೇರೆ ಊರಿನ ಮೋಡ ತಂದು ಅಂಟಿಸಿದಾಗ ಮಾತು ಬೇರೆಯಾಗುತ್ತದೆ. ಅಂತರರಾಷ್ಟ್ರೀಯ ಛಾಯಾಚಿತ್ರ ಸಂಸ್ಥೆಗಳ ನಿಸರ್ಗ ವಿಭಾಗದ ನಿಯಮಗಳು ಅಂಚು ಕತ್ತರಿಸಲು ಬಿಡುತ್ತವೆಯೇ ಹೊರತು ಚಿತ್ರದೊಳಗೆ ವಸ್ತುಗಳನ್ನು ಸೇರಿಸಲು, ತೆಗೆಯಲು ಒಪ್ಪುವುದಿಲ್ಲ. ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯ ಅಂತಿಮ ಸುತ್ತಿಗೆ ಬಂದವರಿಂದ ಮೂಲ ಕಡತವನ್ನೇ ತರಿಸಿಕೊಂಡು ಪರಿಶೀಲಿಸಲಾಗುತ್ತದೆ.

ಕುಮಾರಪಟ್ಟಣದ ನದಿದಡದಲ್ಲಿ ಈ ಎಚ್ಚರ ಸ್ಪರ್ಧೆಗಷ್ಟೇ ಸೀಮಿತವಲ್ಲ. 1980ರ ದಶಕದಲ್ಲಿ ಇಲ್ಲಿನ ಕಾರ್ಖಾನೆಯ ತ್ಯಾಜ್ಯದಿಂದ ತುಂಗಭದ್ರೆ ಕಲುಷಿತವಾಗುತ್ತಿದೆ ಎಂದು ಸಮಾಜ ಪರಿವರ್ತನ ಸಮುದಾಯ ಹೋರಾಟ ನಡೆಸಿತ್ತು. ಇಂಥ ಕಡೆ ನೀರಿನ ಬಣ್ಣವೇ ಒಂದು ಸಾಕ್ಷ್ಯ. ಅದನ್ನು ತಿಳಿನೀಲಿಗೆ ತಿರುಗಿಸುವುದೂ, ಇದ್ದುದಕ್ಕಿಂತ ಕಂದಾಗಿಸುವುದೂ ಒಂದೇ ಬಗೆಯ ತಪ್ಪು. ಗೋಡೆಗೆ ತೂಗುಹಾಕುವ ಚಿತ್ರದಲ್ಲಿ ಕಲ್ಪನೆಗೆ ಅವಕಾಶವಿದೆ. ಸುದ್ದಿಯಾಗಿ ಹೋಗುವ ಚಿತ್ರದಲ್ಲಿ ಇಲ್ಲ. ಎರಡನ್ನೂ ಮಾಡುವವರು ಮೂಲ ರಾ ಕಡತವನ್ನು ಕಾದಿರಿಸಿಕೊಳ್ಳಬೇಕು. ಮುಂದೆ ಯಾರಾದರೂ ಪ್ರಶ್ನಿಸಿದರೆ ಉತ್ತರ ಹೇಳುವುದು ಅದೇ.