ಹಾರ್ಮೋನು ಚುಚ್ಚುಮದ್ದಿಗೆ ಮುಂಚೆ ರಕ್ತಪರೀಕ್ಷೆ

ನಮ್ಮ ಸದಸ್ಯ ಬಂಧುಗಳಲ್ಲಿ ಅನೇಕರ ಮಕ್ಕಳು ಈಗ ಬೆಂಗಳೂರಿನಲ್ಲಿ ನೆಲೆಸಿದ್ದಾರೆ. ಕಳೆದ ಸಾಲಿನ ಕಾಫಿ ಕೊಯ್ಲು ಮುಗಿದ ಮೇಲೆ ನಾವು ಎರಡು ದಿನ ಬಿಡುವು ಮಾಡಿಕೊಂಡು ಬೇಗೂರಿನಲ್ಲಿರುವ ತಂಗಿಯ ಮಗನ ಮನೆಗೆ ಹೋಗಿದ್ದೆವು. ಬೆಂಗಳೂರು ಕಾಳಗವನ್ನು ಹೇಳುವ, ಸುಮಾರು ಕ್ರಿ.ಶ. 890ರ ವೀರಗಲ್ಲು ಅಲ್ಲಿಯ ನಾಗೇಶ್ವರ ದೇವಾಲಯದಲ್ಲಿದೆ. ಅದನ್ನು ನೋಡಬೇಕೆಂಬುದು ನಮ್ಮ ಬಹುದಿನದ ಆಸೆ. ಆದರೆ ಹುಡುಗನ ಸಂಗತಿ ಕೇಳಿದ ಮೇಲೆ ಕಲ್ಲಿನ ಕಡೆ ಮನಸ್ಸು ಹೋಗಲಿಲ್ಲ.

ಅವನಿಗೆ ಮೂವತ್ತೆಂಟು. ರಾತ್ರಿ ಪಾಳಿಯ ಕೆಲಸ, ಸದಾ ಆಯಾಸ, ಯಾವುದರಲ್ಲೂ ಉತ್ಸಾಹವಿಲ್ಲ. ವ್ಯಾಯಾಮಶಾಲೆಯ ಪರಿಚಯಸ್ಥರೊಬ್ಬರು ಟೆಸ್ಟೋಸ್ಟಿರೋನ್ ಎಂಬ ಪುರುಷ ಹಾರ್ಮೋನು ಕಡಿಮೆಯಾಗಿರಬೇಕೆಂದು ಹೇಳಿ ಚುಚ್ಚುಮದ್ದು ಕೊಡಿಸಿದ್ದರು. ಮೂರು ತಿಂಗಳಾಗಿತ್ತು. ಮೊದಲು ಮಾಡಿಸಿದ ಪರೀಕ್ಷೆಯೆಂದರೆ ಒಂದು ಸಂಜೆ ತಿಂಡಿ ತಿಂದ ಮೇಲೆ ತೆಗೆದ ರಕ್ತ, ಒಂದೇ ಒಂದು ಅಂಕಿ. ಇತ್ತ ದಂಪತಿಗಳು ಮಗುವಿಗಾಗಿ ಹರಕೆ ಹೊತ್ತಿದ್ದರು.

ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯು ಎಲ್.ಎಚ್., ಎಫ್.ಎಸ್.ಎಚ್. ಎಂಬ ಹಾರ್ಮೋನುಗಳ ಮೂಲಕ ವೃಷಣಗಳಿಗೆ ಕೆಲಸ ಹೇಳುತ್ತದೆ. ಹೊರಗಿನಿಂದ ಟೆಸ್ಟೋಸ್ಟಿರೋನ್ ಬಂದರೆ ಸಾಕಷ್ಟಿದೆಯೆಂದು ಅದು ಸುಮ್ಮನಾಗುತ್ತದೆ. ಆಗ ವೀರ್ಯಾಣುಗಳ ಉತ್ಪತ್ತಿ ಕುಗ್ಗುತ್ತದೆ, ಕೆಲವರಲ್ಲಿ ಪೂರ್ತಿ ನಿಂತೇ ಹೋಗುತ್ತದೆ. ಪುರುಷತ್ವಕ್ಕೆಂದು ತೆಗೆದುಕೊಂಡ ಮದ್ದು ತಂದೆಯಾಗುವುದಕ್ಕೇ ಅಡ್ಡಿಯಾಗುತ್ತದೆ. ಅವನಿಗೆ ಇದನ್ನು ಯಾರೂ ಹೇಳಿರಲಿಲ್ಲ.

ತೋಟಕ್ಕೆ ಗೊಬ್ಬರ ಹಾಕಿದ ಮೇಲೆ ಮಣ್ಣಿನ ಮಾದರಿ ತೆಗೆದರೆ ಪ್ರಯೋಜನವಿಲ್ಲವೆಂದು ನಾವೇ ಸದಸ್ಯರಿಗೆ ಹಲವು ಸಲ ಹೇಳಿದ್ದೇವೆ. (ನಾವೂ ಒಮ್ಮೆ ಹಾಗೆ ತೆಗೆದು ಕಳಿಸಿದ್ದುಂಟು, ಅದಿರಲಿ.) ಇಲ್ಲಿಯೂ ಹಾಗೆಯೇ. ಚುಚ್ಚುಮದ್ದು ಶುರುವಾದರೆ ಎಲ್.ಎಚ್. ಹೇಗೂ ತಗ್ಗುತ್ತದೆ, ಮೂಲದೋಷ ಎಲ್ಲಿತ್ತೆಂದು ಆಮೇಲೆ ಹುಡುಕುವುದು ಕಷ್ಟ.

ರಕ್ತವನ್ನು ಖಾಲಿ ಹೊಟ್ಟೆಯಲ್ಲಿ, ಬೆಳಿಗ್ಗೆ 7ರಿಂದ 10ರೊಳಗೆ ಕೊಡಬೇಕು. ಈ ಹಾರ್ಮೋನು ಮುಂಜಾನೆ ಹೆಚ್ಚು, ಸಂಜೆಗೆ ಇಳಿಯುತ್ತದೆ; ಊಟದಿಂದಲೂ ತಗ್ಗುತ್ತದೆ. ಜ್ವರವಿದ್ದಾಗ, ರಾತ್ರಿಯೆಲ್ಲ ನಿದ್ದೆಗೆಟ್ಟ ಮರುದಿನ ಬಂದ ಅಂಕಿಯನ್ನು ನಂಬುವಂತಿಲ್ಲ. ಒಂದು ಸಲ ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ನೋಡಿಸಬೇಕು. ಅಮೆರಿಕದ ಮೂತ್ರರೋಗ ತಜ್ಞರ ಸಂಘವು 2018ರಲ್ಲಿ ಡೆಸಿಲೀಟರಿಗೆ 300 ನ್ಯಾನೋಗ್ರಾಮಿಗಿಂತ ಕೆಳಗಿದ್ದರೆ ಕಡಿಮೆಯೆಂದು ಹೇಳಿತು. ಅದೂ ಎರಡು ಸಲ ಬಂದು, ಜೊತೆಗೆ ಲಕ್ಷಣಗಳೂ ಇದ್ದರೆ ಮಾತ್ರ. ಈಗ ಬೇಗೂರು, ಜಯನಗರದ ಕಡೆ ಮುಂಜಾನೆ ಮನೆಗೇ ಬಂದು ರಕ್ತ ತೆಗೆಯುವವರಿದ್ದಾರೆ, ಆದುದರಿಂದ ಸಮಯದ ನೆಪ ಹೇಳುವಂತಿಲ್ಲ.

ಕಡಿಮೆಯೆಂದು ಖಚಿತವಾದರೆ ಎಲ್.ಎಚ್. ನೋಡುತ್ತಾರೆ. ಅದು ಏರಿದ್ದರೆ ದೋಷ ವೃಷಣದಲ್ಲಿ. ಏರದೆ ಇದ್ದರೆ ಪಿಟ್ಯುಟರಿಯ ಕಡೆ ಸಂಶಯ. ಆಗ ಪ್ರೊಲ್ಯಾಕ್ಟಿನ್ ನೋಡಬೇಕು. ಅದು ಬಹಳ ಹೆಚ್ಚಿದ್ದರೆ ಗ್ರಂಥಿಯಲ್ಲಿ ಗಡ್ಡೆಯಿರಬಹುದು. ಸಾಮಾನ್ಯವಾಗಿ ಅದು ಕ್ಯಾನ್ಸರ್ ಅಲ್ಲ, ಬಹುಪಾಲು ಮಾತ್ರೆಗೇ ಬಗ್ಗುತ್ತದೆ. ನೇರವಾಗಿ ಚುಚ್ಚುಮದ್ದು ಹಿಡಿದವರಿಗೆ ಇಂಥದು ತಿಳಿಯುವುದೇ ಇಲ್ಲ. ಸಕ್ಕರೆ, ಥೈರಾಯ್ಡ್, ಬೊಜ್ಜು, ಗೊರಕೆಯೊಡನೆ ಉಸಿರುಗಟ್ಟುವ ನಿದ್ದೆ, ಇವನ್ನೂ ವಿಚಾರಿಸಬೇಕು.

ಮದ್ದಿನಿಂದ ರಕ್ತ ಮಂದವಾಗುವುದುಂಟು. ಆದುದರಿಂದ ಹೆಮಟೋಕ್ರಿಟ್ ಮುಂಚೆಯೇ ನೋಡುತ್ತಾರೆ. ಶೇಕಡಾ 50 ಮೀರಿದ್ದರೆ ಕಾರಣ ತಿಳಿಯುವವರೆಗೆ ಮದ್ದು ಕೊಡುವುದಿಲ್ಲ. ನಲವತ್ತು ದಾಟಿದವರಿಗೆ ಪ್ರಾಸ್ಟೇಟ್ ಗ್ರಂಥಿಯ ಪಿ.ಎಸ್.ಎ. ಪರೀಕ್ಷೆ, ಮಗು ಬೇಕೆನ್ನುವವರಿಗೆ ವೀರ್ಯ ಪರೀಕ್ಷೆ. 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಅಧ್ಯಯನದಲ್ಲಿ ಈ ಮದ್ದಿನಿಂದ ಹೃದಯಾಘಾತ ಹೆಚ್ಚಲಿಲ್ಲ. ಆದರೆ ಎದೆಬಡಿತದ ಲಯ ತಪ್ಪುವುದು, ಶ್ವಾಸಕೋಶಕ್ಕೆ ರಕ್ತದ ಹೆಪ್ಪು ಸೇರುವುದು ಹೆಚ್ಚು ಕಂಡಿತು. ನಿಜವಾದ ಕೊರತೆಯಿದ್ದವರಿಗೆ ಇದು ಒಳ್ಳೆಯ ಔಷಧಿಯೇ, ಅನುಮಾನವಿಲ್ಲ.

ಹುಡುಗ ಮರುವಾರವೇ ಹಾರ್ಮೋನು ತಜ್ಞರನ್ನು ಕಂಡ. ಚುಚ್ಚುಮದ್ದು ನಿಲ್ಲಿಸಿದ್ದಾರೆ. ರಕ್ತದಲ್ಲಿ ಸಕ್ಕರೆ ಏರಿತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ವೀರ್ಯಾಣು ಮರಳಲು ಆರು ತಿಂಗಳಿನಿಂದ ಒಂದು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಬೇಕಾಗುತ್ತದಂತೆ. ಮುಂದಿನ ಪರೀಕ್ಷೆ ದೀಪಾವಳಿಯ ನಂತರ. ತಂಗಿ ವಾರಕ್ಕೊಮ್ಮೆ ಫೋನು ಮಾಡಿ ಅಡಿಕೆ ಧಾರಣೆ ಕೇಳುತ್ತಾಳೆ. ಈ ಮಾತು ಮಾತ್ರ ಎತ್ತುವುದಿಲ್ಲ.