ಉಸಿರು ಕಾಯುವ ವಿದ್ಯೆ

ಬೆಂಗಳೂರಿನ ಸಿದ್ದಾಪುರಕ್ಕೆ ಅನತಿದೂರದಲ್ಲಿ, ಹೊಸೂರು ರಸ್ತೆಯಲ್ಲಿ, ನಿಮ್ಹಾನ್ಸ್ ಎಂದು ಹೆಸರಾದ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಿದೆ. ಅಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆ ನಡೆಯುತ್ತದೆಯೆಂದು ಕೇಳಿದೊಡನೆ ನಾವು ನೆನೆಯುವುದು ಶಸ್ತ್ರವೈದ್ಯರನ್ನು. ಆದರೆ ರೋಗಿಯ ಉಸಿರು, ನಾಡಿ, ರಕ್ತದೊತ್ತಡಗಳನ್ನು ಕ್ಷಣಕ್ಷಣವೂ ಕಾಯುವವರು ಇನ್ನೊಬ್ಬರಿದ್ದಾರೆ. ಅವರೇ ಅರಿವಳಿಕೆ ವೈದ್ಯರು.

ಅರಿವಳಿಕೆಯನ್ನು ನಾವು ನಿದ್ದೆಯೆಂದು ಭಾವಿಸುವುದುಂಟು. ನಿದ್ದೆಯಲ್ಲಿ ಉಸಿರು ತಾನಾಗಿಯೇ ನಡೆಯುತ್ತದೆ. ಅರಿವಳಿಕೆಗಾಗಿ ಸ್ನಾಯುಗಳನ್ನು ಸಡಿಲಗೊಳಿಸುವ ಔಷಧ ಕೊಟ್ಟಾಗಲಾದರೋ ಉಸಿರಾಟವೇ ನಿಲ್ಲುತ್ತದೆ. ಆಮ್ಲಜನಕ ದೊರೆಯದೆ ಕೆಲವೇ ನಿಮಿಷಗಳು ಕಳೆದರೆ ಮಿದುಳಿಗೆ ಹಾನಿ ತಪ್ಪದು. ಆದುದರಿಂದ ವೈದ್ಯರು ಶ್ವಾಸನಾಳದೊಳಗೆ ನಳಿಕೆಯಿಳಿಸಿ, ಯಂತ್ರದಿಂದ ಉಸಿರಾಡಿಸುತ್ತಾರೆ.

ಆ ಉಸಿರಿಗೂ ಒಂದು ಅಳತೆಯುಂಟು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ; ತಲೆಬುರುಡೆ ಹಿಗ್ಗಲಾರದಾದ್ದರಿಂದ ಒಳಗಿನ ಒತ್ತಡ ಏರುತ್ತದೆ. ತೀರ ಕಡಿಮೆಯಾದರೆ ನಾಳಗಳು ಕುಗ್ಗಿ, ಮಿದುಳಿಗೆ ರಕ್ತ ಸಾಲದಾಗುತ್ತದೆ. ಈ ಎರಡರ ನಡುವಣ ಹದವನ್ನು ಹಿಡಿಯುವುದೇ ಇವರ ವಿದ್ಯೆ.

ಈ ವಿದ್ಯೆ ಶಸ್ತ್ರಚಿಕಿತ್ಸೆಯ ಕೊಠಡಿಯಿಂದ ಹೊರಬಂದ ಬಗೆ ವಿದ್ಯಾರ್ಥಿಗಳು ತಿಳಿಯತಕ್ಕದ್ದು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ರೋಗ ಹಬ್ಬಿ, ಅನೇಕರ ಉಸಿರಾಟದ ಸ್ನಾಯುಗಳು ಸೋತುಹೋದವು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರ ಸಲಹೆಯಂತೆ, ರೋಗಿಯ ಕತ್ತಿನಲ್ಲಿ ರಂಧ್ರಮಾಡಿ ನಳಿಕೆಯಿಟ್ಟು, ರಬ್ಬರು ಚೀಲವನ್ನು ಕೈಯಿಂದ ಹಿಸುಕಿ ಗಾಳಿ ತುಂಬಲಾಯಿತು. ಹಿಸುಕುವ ಕೈಗಳು ಯಾರವು? ಸುಮಾರು 1500 ವೈದ್ಯವಿದ್ಯಾರ್ಥಿಗಳವು! ಅವರು ಸರದಿಯ ಮೇಲೆ ಹಗಲಿರುಳೂ ದುಡಿದರು. ಅಂತಹ ರೋಗಿಗಳಲ್ಲಿ ನೂರಕ್ಕೆ 80ನ್ನೂ ಮೀರಿದ್ದ ಸಾವು 50ಕ್ಕಿಂತ ಕೆಳಗಿಳಿಯಿತು. ಇಂದಿನ ತೀವ್ರ ನಿಗಾ ಘಟಕಗಳ ಮೂಲ ಅಲ್ಲಿದೆ.

ನಮ್ಮಲ್ಲಿ ಈ ವೃತ್ತಿಯನ್ನು ಬಯಸುವವರು ನಾಲ್ಕೂವರೆ ವರ್ಷ ಎಂ.ಬಿ.ಬಿ.ಎಸ್. ಓದಿ, ಒಂದು ವರ್ಷ ಆಸ್ಪತ್ರೆಯಲ್ಲಿ ತರಬೇತಿ ಪಡೆದು, ಅನಂತರ ಮೂರು ವರ್ಷ ಎಂ.ಡಿ. ವ್ಯಾಸಂಗ ಮಾಡಬೇಕು. ಮಿದುಳಿನ ಅರಿವಳಿಕೆಯಲ್ಲಿ ವಿಶೇಷ ಪರಿಣತಿ ಬೇಕೆಂಬವರಿಗೆ ನಿಮ್ಹಾನ್ಸಿನಲ್ಲಿ ಮತ್ತೆ ಮೂರು ವರ್ಷಗಳ ಡಿ.ಎಂ. ವ್ಯಾಸಂಗವಿದೆ.

ಕಲಿಸುವವರ ಹೊಣೆ ಇನ್ನೂ ಹಿರಿದು. ಶಿಷ್ಯನು ನಳಿಕೆಯಿಳಿಸುವುದನ್ನು ಕಲಿಯಬೇಕಾದರೆ ಗುರು ಕೈಕಟ್ಟಿ ನಿಲ್ಲಬೇಕು. ರೋಗಿಯ ರಕ್ತದಲ್ಲಿ ಆಮ್ಲಜನಕ ಇಳಿಯತೊಡಗಿದರೆ ಆ ಕ್ಷಣವೇ ಕೈನೀಡಬೇಕು. ಅವಸರಪಟ್ಟರೆ ಶಿಷ್ಯನ ವಿದ್ಯೆ ಅರೆಯಾದೀತು. ತಡಮಾಡಿದರೆ ರೋಗಿಯ ಜೀವಕ್ಕೆ ಅಪಾಯ. ಶಸ್ತ್ರಚಿಕಿತ್ಸೆ ಮುಗಿದು ಎಚ್ಚರಗೊಂಡ ರೋಗಿಗೆ ಇವರಾರ ಹೆಸರೂ ತಿಳಿದಿರಲಾರದು. ಆದರೆ ಆತನ ಉಸಿರು ಅಷ್ಟು ಹೊತ್ತು ನಡೆದದ್ದು ಇವರ ಎಚ್ಚರದಿಂದಲೇ.